ವರ್ನೋನಿಯ ಆರ್ಬೋರಿಯ: ಸೇವಂತಿಗೆ ಕುಟುಂಬದ ಮಳೆಕಾಡು ಮರ

ಆಸ್ಟರೇಸಿ ಎಂಬ ಸೇವಂತಿಗೆ ಕುಟುಂಬಕ್ಕೆ ಸೇರಿದ, ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಮಳೆಕಾಡುಗಳಲ್ಲಿ ಬೆಳೆಯುವ ಮರ. ಕರ್ನಾಟಕದಲ್ಲಿ ಕೊಡಗಿನಿಂದ ಉತ್ತರ ಕನ್ನಡದವರೆಗಿನ ಘಟ್ಟಸೀಮೆಯ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತದೆ. ಕೇರಳ, ತಮಿಳುನಾಡುಗಳ ಘಟ್ಟಗಳು, ಶ್ರೀಲಂಕಾ, ಈಶಾನ್ಯ ಭಾರತ, ಅಲ್ಲಿಂದ ಮುಂದೆ ಮ್ಯಾನ್ಮಾರ್, ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಜಾವಾ, ಫಿಲಿಪ್ಪೀನ್ಸ್‌ಗಳವರೆಗೆ ಇದರ ನೆಲೆ ಹಬ್ಬಿದೆ. ಸಾಮಾನ್ಯವಾಗಿ 15ರಿಂದ 20 ಮೀಟರ್, ಅನುಕೂಲವಾದ ಕಡೆ 30 ಮೀಟರ್‌ವರೆಗೂ ಬೆಳೆಯುತ್ತದೆ. ಇಂದಿನ ವರ್ಗೀಕರಣದಲ್ಲಿ ಇದರ ಹೆಸರು ಸ್ಟ್ರೋಬೊಕ್ಯಾಲಿಕ್ಸ್ ಆರ್ಬೋರಿಯ. ಆದರೆ ನಮ್ಮ ಸಸ್ಯಕೋಶಗಳಲ್ಲೂ ಅರಣ್ಯ ಇಲಾಖೆಯ ಪಟ್ಟಿಗಳಲ್ಲೂ ಹಳೆಯ ಹೆಸರೇ ರೂಢಿಯಲ್ಲಿದೆ. ಬರೆಯುವವರು ಸಾಮಾನ್ಯವಾಗಿ ಈ ಮರವನ್ನು ಒಂದು ಸೋಜಿಗವೆಂದು ಪರಿಚಯಿಸಿ ಮುಂದೆ ಹೋಗುತ್ತಾರೆ: ಗಿಡಗಂಟಿಗಳ ಕುಟುಂಬದಲ್ಲಿ ಹುಟ್ಟಿದ ಒಂಟಿ ಮರ, ನಿಯಮಕ್ಕೆ ಅಪವಾದ. ಇದನ್ನು ಅಪವಾದವೆಂದು ಕರೆದರೆ ತಿಳಿಯುವುದಕ್ಕಿಂತ ಮರೆಯಾಗುವುದೇ ಹೆಚ್ಚು ಎಂಬುದು ಈ ಲೇಖನದ ವಾದ. ಎತ್ತರವೊಂದನ್ನು ಬಿಟ್ಟರೆ ಈ ಮರ ತನ್ನ ಕುಟುಂಬದ ಕಟ್ಟಳೆಗಳನ್ನೆಲ್ಲ ಪಾಲಿಸುತ್ತದೆ. ಅದು ಮಳೆಕಾಡಿನಲ್ಲಿ ಇರುವುದಕ್ಕೂ, ಅದರಂಥ ಮರಗಳು ಅಲ್ಲಿ ವಿರಳವಾಗಿರುವುದಕ್ಕೂ ಕಾರಣ ಒಂದೇ.

ಕುಟುಂಬದ ಪರಿಚಯ

ಹೂಬಿಡುವ ಸಸ್ಯಗಳಲ್ಲಿ ಅತಿ ದೊಡ್ಡ ಕುಟುಂಬ ಯಾವುದು ಎಂಬ ಪೈಪೋಟಿ ಇರುವುದು ಆರ್ಕಿಡ್‌ಗಳಿಗೂ ಆಸ್ಟರೇಸಿಗೂ. ಆಸ್ಟರೇಸಿಯಲ್ಲಿ ಸುಮಾರು 1,600 ಜಾತಿಗಳೂ 24,000ಕ್ಕೂ ಹೆಚ್ಚು ಪ್ರಭೇದಗಳೂ ಇವೆ. ಇಷ್ಟು ದೊಡ್ಡ ಕುಟುಂಬವಾದರೂ ನಮಗೆ ಪರಿಚಯವಿರುವುದು ಅದರ ಒಂದೇ ಮುಖ. ಹೈದರಾಬಾದಿನ ಹಿಮಾಯತ್‌ನಗರದಂಥ ಬಡಾವಣೆಯಲ್ಲಿರುವ ಕನ್ನಡ ಓದುಗರು ಈ ಕುಟುಂಬವನ್ನು ದಿನವೂ ನೋಡುತ್ತಾರೆ. ಪೂಜೆಗೆ ತರುವ ಸೇವಂತಿಗೆ ಮತ್ತು ಚೆಂಡುಹೂ, ದಸರೆಯ ಹೊತ್ತಿಗೆ ತೆಲಂಗಾಣದ ಹೆಂಗಸರು ಬತುಕಮ್ಮ ಪೇರಿಸುವಾಗ ತಂಗಡಿ ಹೂವಿನ ಜೊತೆ ಇಡುವ ಬಂತಿ ಮತ್ತು ಚಾಮಂತಿ, ಖಾಲಿ ನಿವೇಶನದ ಪಾರ್ಥೇನಿಯಂ, ಕಾಂಪೌಂಡಿನ ಬುಡದಲ್ಲಿ ಏಳುವ ಸಹದೇವಿ, ಇವೆಲ್ಲ ಇದೇ ಕುಟುಂಬದವು. ನಗರದ ಹೊರವಲಯದ ರಾಜೇಂದ್ರನಗರದಲ್ಲಿರುವ ಭಾರತೀಯ ಎಣ್ಣೆಬೀಜಗಳ ಸಂಶೋಧನಾ ಸಂಸ್ಥೆ ತಳಿ ಬೆಳೆಸುವ ಸೂರ್ಯಕಾಂತಿ, ಕುಸುಬೆ, ಗುರೆಳ್ಳುಗಳೂ ಇವೇ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್, ಗುಲ್ಬರ್ಗಾ, ರಾಯಚೂರುಗಳ ಎರೆ ಹೊಲಗಳಲ್ಲಿ ಜೋಳದ ಜೊತೆ ಕುಸುಬೆ ಹಾಕುವುದು ಹಳೆಯ ರೂಢಿ. ಎಲ್ಲವೂ ಬಿಸಿಲು ಬೇಡುವ, ಬಯಲು ಬೇಡುವ, ಬಹುಪಾಲು ಒಂದೆರಡು ವರ್ಷದಲ್ಲಿ ಬದುಕು ಮುಗಿಸುವ ಗಿಡಗಳು. ಹೀಗೆ ದಿನವೂ ಕಣ್ಣಿಗೆ ಬೀಳುವವುಗಳ ಪೈಕಿ ನಮ್ಮ ಮರಕ್ಕೆ ತೀರ ಹತ್ತಿರದ ನೆಂಟಸ್ತಿಕೆ ಎರಡಕ್ಕಿದೆ. ಒಂದು ಸಹದೇವಿ. ಇನ್ನೊಂದು, ನಗರಗಳಲ್ಲಿ ಅಪಾರ್ಟ್‌ಮೆಂಟುಗಳ ಬಾಲ್ಕನಿಯಿಂದ ಹಸಿರು ಪರದೆಯ ಹಾಗೆ ಇಳಿಬಿಡುವ ಪರ್ದಾ ಬಳ್ಳಿ. ಮ್ಯಾನ್ಮಾರ್ ಸುತ್ತಿನ ಸೀಮೆಯಿಂದ ಬಂದ ಈ ಬಳ್ಳಿಯನ್ನೂ ನರ್ಸರಿಯವರು ವರ್ನೋನಿಯ ಎಂದೇ ಮಾರುತ್ತಾರೆ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯ ಹೈದರಾಬಾದಿನಲ್ಲಿ ಬಳ್ಳಿ ಬದುಕುತ್ತದೆ. 7,000 ಮಿಲಿಮೀಟರ್ ದಾಟುವ ಆಗುಂಬೆಯ ಸೀಮೆಯಲ್ಲಿ ಅದರ ಬಳಗದ್ದೇ ಒಂದು ಮರ ನಿಂತಿದೆ. ಇಷ್ಟು ದೂರದ ಎರಡು ಬದುಕುಗಳನ್ನು ಒಂದೇ ಬಳಗವೆಂದು ಗುರುತಿಸುವುದು ಹೂವನ್ನು ನೋಡಿ.

ಸ್ವರೂಪ

ಎಲೆ, ತೊಗಟೆ ನೋಡಿದರೆ ಇದು ಸೇವಂತಿಗೆಯ ಬಳಗವೆಂದು ಯಾರಿಗೂ ಹೊಳೆಯುವುದಿಲ್ಲ. ಎಲೆಗಳು ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಜೋಡಣೆಗೊಂಡಿವೆ; ನೀಳ ದೀರ್ಘವೃತ್ತಾಕಾರ, ಅಂಚು ಹೆಚ್ಚುಕಡಿಮೆ ನೇರ, ಅಡಿಭಾಗದಲ್ಲಿ ನವಿರಾದ ರೋಮ. ಎಳೆಯ ರೆಂಬೆಗಳ ಮೇಲೆ ಬೂದುಬಣ್ಣದ ರೋಮ ದಟ್ಟವಾಗಿರುತ್ತದೆ. ಮಳೆಗಾಲ ಹಿಂದೆ ಸರಿದ ಮೇಲೆ ಕೊಂಬೆಗಳ ತುದಿಯಲ್ಲಿ ದೊಡ್ಡ ಹೂಗೊಂಚಲು ಮೂಡುತ್ತದೆ. ಗೊಂಚಲಿನ ಒಂದೊಂದು ‘ಹೂ’ವೂ ಬಿಡಿ ಹೂವಲ್ಲ, ಹಲವು ಕಿರುಹೂಗಳು ಒಂದೇ ಪೀಠದ ಮೇಲೆ ಒತ್ತಾಗಿ ಕೂತ ಹೂತಲೆ. ಸುತ್ತಲೂ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬಂದ ಸಣ್ಣ ಪತ್ರಕಗಳು. ಸೂರ್ಯಕಾಂತಿಯ ಒಂದು ತಲೆಯಲ್ಲಿ ಸಾವಿರದಷ್ಟು ಕಿರುಹೂಗಳಿರಬಹುದು. ಇಲ್ಲಿ ಬರೀ ಐದಾರು. ಸೂರ್ಯಕಾಂತಿಯ ಅಂಚಿನಲ್ಲಿ ಕಾಣುವ ಹಳದಿ ಪಟ್ಟಿಯಂಥ ಹೂಗಳು ಇಲ್ಲಿಲ್ಲ. ಇರುವವೆಲ್ಲ ಕೊಳವೆಯಾಕಾರದವು, ಬಿಳಿ ಅಥವಾ ತಿಳಿ ನೇರಿಳೆ ಬಣ್ಣದವು, ತುದಿಯಲ್ಲಿ ಐದು ಸೀಳು. ಒಂದು ಕಿರುಹೂವನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ ಕುಟುಂಬದ ರುಜು ಸ್ಪಷ್ಟವಾಗುತ್ತದೆ. ಐದು ಪರಾಗಕೋಶಗಳು ಅಂಚಿಗಂಚು ಅಂಟಿ ಒಂದು ಕೊಳವೆಯಾಗಿವೆ, ಪರಾಗ ಆ ಕೊಳವೆಯ ಒಳಗೇ ಉದುರುತ್ತದೆ. ಕೆಳಗಿನಿಂದ ಬೆಳೆದು ಬರುವ ಶಲಾಕೆ ಪಿಚಕಾರಿಯ ದಂಡದಂತೆ ಪರಾಗವನ್ನು ಹೊರಕ್ಕೆ ನೂಕಿ ಬಂದ ಕೀಟದ ಮೈಗೆ ಬಳಿಯುತ್ತದೆ. ಆಮೇಲಷ್ಟೇ ಅದರ ತುದಿ ಎರಡು ಕವಲಾಗಿ ಬಿರಿದು ಬೇರೆ ಹೂವಿನ ಪರಾಗಕ್ಕೆ ಕಾಯುತ್ತದೆ. ಕಾಯಿ ಎಂಬುದು ಕೆಲವೇ ಮಿಲಿಮೀಟರ್ ಉದ್ದದ, ಗೆರೆಗಳಿರುವ ಒಣ ಕಿರುಹಣ್ಣು. ಒಳಗೆ ಒಂದೇ ಬೀಜ, ನೆತ್ತಿಯಲ್ಲಿ ಪ್ಯಾಪಸ್ ಎಂಬ ಬಿಳಿಚು ರೋಮದ ಕುಚ್ಚು. ಸಹದೇವಿಯ ಗಿಡದಿಂದ ಊದಿದರೆ ಹಾರುವ ಬೀಜಕ್ಕೂ 20 ಮೀಟರ್ ಎತ್ತರದಿಂದ ಉದುರುವ ಈ ಬೀಜಕ್ಕೂ ಕಟ್ಟೋಣದಲ್ಲಿ ಮುಖ್ಯವಾದ ವ್ಯತ್ಯಾಸವಿಲ್ಲ. ಮರದ ಅಳತೆ ಕಾಂಡಕ್ಕೆ ಬಂದಿದೆ, ಹೂವಿಗೂ ಬೀಜಕ್ಕೂ ಬಂದಿಲ್ಲ. ಮುಂದಿನ ವಾದ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಹೆಸರು ಮತ್ತು ವರ್ಗೀಕರಣ

ವರ್ನೋನಿಯ ಎಂಬ ಜಾತಿಯ ಹೆಸರನ್ನು 1791ರಲ್ಲಿ ಶ್ರೇಬರ್ ಇಟ್ಟ. 17ನೇ ಶತಮಾನದ ಕೊನೆಯಲ್ಲಿ ಉತ್ತರ ಅಮೆರಿಕದ ಮೇರಿಲ್ಯಾಂಡಿನಲ್ಲಿ ಸಸ್ಯ ಸಂಗ್ರಹಿಸಿದ ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ವಿಲಿಯಂ ವರ್ನನ್‌ನ ನೆನಪಿಗೆ ಇಟ್ಟ ಹೆಸರು ಅದು. ನಮ್ಮ ಮರವನ್ನು ಈ ಜಾತಿಗೆ ಸೇರಿಸಿ ವಿವರಿಸಿದವನು ಫ್ರಾನ್ಸಿಸ್ ಬುಕಾನನ್-ಹ್ಯಾಮಿಲ್ಟನ್. ಟಿಪ್ಪು ಸುಲ್ತಾನನ ಪತನದ ಬೆನ್ನಲ್ಲೇ, 1800-01ರಲ್ಲಿ, ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬೆಳೆ, ಕಾಡು, ಕಸುಬುಗಳ ವರದಿ ಬರೆದ ವೈದ್ಯ ಇವನೇ. ಮರದ ವಿವರಣೆ 1820ರ ದಶಕದಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಬಂತು. ಮುಂದೆ ಸಿ. ಬಿ. ಕ್ಲಾರ್ಕ್ 1876ರಲ್ಲಿ ಭಾರತದ ಆಸ್ಟರೇಸಿಗಳನ್ನೆಲ್ಲ ಕ್ರೋಡೀಕರಿಸಿದ. ಜೋಸೆಫ್ ಡಾಲ್ಟನ್ ಹೂಕರ್ ತನ್ನ ಬ್ರಿಟಿಷ್ ಇಂಡಿಯಾ ಸಸ್ಯಕೋಶದ ಮೂರನೆಯ ಸಂಪುಟದಲ್ಲಿ ಅವನ್ನು ಮತ್ತೆ ಪರಿಷ್ಕರಿಸಿದ. ಕರ್ನಾಟಕದ ಮಟ್ಟಿಗೆ ಘಟ್ಟದ ಸಸ್ಯಗಳನ್ನು ಆಧುನಿಕ ರೀತಿಯಲ್ಲಿ ದಾಖಲಿಸಿದ ಮೊದಲ ದೊಡ್ಡ ಕೆಲಸ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ್ಹಾ ಮತ್ತು ಡ್ಯಾನ್ ನಿಕಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಕೋಶ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಪಾಸ್ಕಲ್ ಮತ್ತು ಬಿ. ಆರ್. ರಮೇಶ್ 1987ರಲ್ಲಿ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ ಮತ್ತು ಬಳ್ಳಿಗಳನ್ನು ಗುರುತಿಸುವ ಕೈಪಿಡಿ ಕೊಟ್ಟರು. ಇಡೀ ಪಶ್ಚಿಮ ಘಟ್ಟದಲ್ಲಿ ಮರವೆನ್ನಿಸಿಕೊಳ್ಳುವ ಆಸ್ಟರೇಸಿ ಪ್ರಭೇದಗಳು ಬೆರಳೆಣಿಕೆಯಷ್ಟು ಮಾತ್ರ. ದಕ್ಷಿಣದ ಘಟ್ಟಗಳಿಗಷ್ಟೇ ಸೀಮಿತವಾದ ವರ್ನೋನಿಯ ಟ್ರಾವಂಕೋರಿಕ ಅಂಥ ಇನ್ನೊಂದು.

ವರ್ನೋನಿಯ ಒಂದು ಕಾಲಕ್ಕೆ ಸಾವಿರ ಪ್ರಭೇದಗಳ ಜಾತಿಯಾಗಿತ್ತು. ಅಮೆರಿಕದ ಹುಲ್ಲುಗಾವಲಿನ ಗಿಡ, ಆಫ್ರಿಕಾದ ಪೊದೆ, ಘಟ್ಟದ ಮರ ಎಲ್ಲವನ್ನೂ ಅದರೊಳಗೆ ತುಂಬಲಾಗಿತ್ತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಹೆರಾಲ್ಡ್ ರಾಬಿನ್ಸನ್ ಪರಾಗದ ಮೇಲ್ಮೈ ರಚನೆ, ವರ್ಣತಂತುಗಳ ಸಂಖ್ಯೆಗಳನ್ನು ಹಿಡಿದು ಅದನ್ನು ಒಡೆದರು. ಅಮೆರಿಕದ ವರ್ನೋನಿಯಗಳ ಮೂಲ ವರ್ಣತಂತು ಸಂಖ್ಯೆ 17. ಏಷ್ಯಾ, ಆಫ್ರಿಕಾಗಳ ಪ್ರಭೇದಗಳಲ್ಲಿ ಅದು 9 ಅಥವಾ 10. ನಿಜವಾದ ವರ್ನೋನಿಯ ಅಮೆರಿಕಕ್ಕೆ ಉಳಿಯಿತು; ನಮ್ಮ ಮರ ಸ್ಟ್ರೋಬೊಕ್ಯಾಲಿಕ್ಸ್‌ಗೆ, ಸಹದೇವಿ ಸಯಾಂತಿಲಿಯಂಗೆ, ಪರ್ದಾ ಬಳ್ಳಿ ಟಾರ್ಲ್‌ಮೌನಿಯಕ್ಕೆ, ಕಾಡುಜೀರಿಗೆ ಬಕಾರಾಯ್ಡಿಸ್‌ಗೆ ಹೋದವು. ಹೆಸರುಗಳ ಈ ವಲಸೆಯಿಂದ ಬೇಸತ್ತ ಓದುಗರಿಗೆ ಒಂದು ಸಮಾಧಾನವಿದೆ: ಜಾತಿಗಳು ಬೇರಾದರೂ ಎಲ್ಲವೂ ವರ್ನೋನಿಯೇ ಎಂಬ ಒಂದೇ ಬಳಗದಲ್ಲಿ ಉಳಿದಿವೆ. ಪಂಡಿತರು ‘ದುಷ್ಟ ಬಳಗ’ ಎಂದು ಅಡ್ಡಹೆಸರಿಟ್ಟ ಈ ಗುಂಪಿನ ವಂಶಾವಳಿಯನ್ನು 2007ರಲ್ಲಿ ಸ್ಟರ್ಲಿಂಗ್ ಕೀಲಿ ಮತ್ತು ಸಂಗಡಿಗರು ಡಿಎನ್ಎ ಆಧಾರದಿಂದ ಬಿಡಿಸಿದರು. ಗಿಡ, ಪೊದೆ, ಮರ ಎಂಬ ವಿಂಗಡಣೆ ಇಲ್ಲಿ ನೆಂಟಸ್ತಿಕೆಯ ಗೆರೆಗಳನ್ನು ಅನುಸರಿಸುವುದಿಲ್ಲ. ಆಕಾರ ಈ ಬಳಗದಲ್ಲಿ ಸುಲಭವಾಗಿ ಬದಲಾಗುವ ಗುಣ. ಬದಲಾಗದೆ ಉಳಿದಿರುವುದು ಹೂತಲೆಯ ರಚನೆ.

ಮರವಾದ ಬಗೆ

ಗಿಡಗಳ ಕುಟುಂಬದಲ್ಲಿ ಮರ ಹೇಗೆ ಬಂತು ಎಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಕೊಟ್ಟವನು ಡಾರ್ವಿನ್, ಅದೂ ದ್ವೀಪಗಳನ್ನು ನೋಡಿ. ಬೇರೆಡೆ ಗಿಡಗಳೇ ಇರುವ ಕುಟುಂಬಗಳು ದ್ವೀಪಗಳಲ್ಲಿ ಮರಗಳನ್ನು ಕೊಡುತ್ತವೆ ಎಂದು 1859ರ ತನ್ನ ಗ್ರಂಥದಲ್ಲಿ ಅವನು ಗಮನಿಸಿದ. ಮರದ ಬೀಜಗಳು ದೂರದ ದ್ವೀಪಕ್ಕೆ ತಲುಪುವುದು ಕಷ್ಟ, ಗಿಡದ ಬೀಜಗಳು ತಲುಪುತ್ತವೆ. ಮರಗಳಿಲ್ಲದ ನೆಲದಲ್ಲಿ ಪಕ್ಕದ ಗಿಡಕ್ಕಿಂತ ಒಂದು ಗೇಣು ಎತ್ತರ ಬೆಳೆದದ್ದಕ್ಕೆ ಹೆಚ್ಚು ಬಿಸಿಲು ಸಿಗುತ್ತದೆ, ಪೀಳಿಗೆಗಳ ಮೇಲೆ ಪೀಳಿಗೆ ಹೀಗೆ ಸಾಗಿದರೆ ಗಿಡವೇ ಮರವಾಗುತ್ತದೆ. ಗಲಾಪಗೋಸ್‌ನ ಸ್ಕಾಲೇಸಿಯ, ಸೇಂಟ್ ಹೆಲೆನಾದ ಕಾಮಿಡೆಂಡ್ರಂ, ಚಿಲಿಗೆ ಸೇರಿದ ಹ್ವಾನ್ ಫರ್ನಾಂಡೆಸ್ ದ್ವೀಪಗಳ ರಾಬಿನ್ಸೋನಿಯ, ಹವಾಯಿಯ ಡುಬಾಟಿಯ, ಇವೆಲ್ಲ ಆಸ್ಟರೇಸಿಯೇ. ಕಿಲಿಮಂಜಾರೊ ನೆತ್ತಿಯ ಡೆಂಡ್ರೊಸೆನೆಸಿಯೊ ಮಣ್ಣಿನ ಸಮುದ್ರದ ನಡುವೆ ಎದ್ದ ದ್ವೀಪದಂಥ ಶಿಖರದ್ದು. ಆದರೆ ಪಶ್ಚಿಮ ಘಟ್ಟ ಖಾಲಿ ದ್ವೀಪವಲ್ಲ. ಇಲ್ಲಿ ಗಿಡಕ್ಕಿಂತ ಮುಂಚೆಯೇ ಮರಗಳಿದ್ದವು, ನೆಲದ ಮೇಲೆ ಬೀಳುವ ಬೆಳಕು ಮೇಲಿನದರ ಶೇಕಡ ಒಂದೆರಡರಷ್ಟು. ಡಾರ್ವಿನ್ನನ ವಿವರಣೆ ಇಲ್ಲಿಗೆ ನೇರವಾಗಿ ಹೊಂದುವುದಿಲ್ಲ. ಆದರೂ ಅದರ ತಿರುಳನ್ನು ಉಳಿಸಿಕೊಳ್ಳಬಹುದು: ಈ ಕುಟುಂಬ ಎತ್ತರಕ್ಕೆ ಬೆಳೆಯುವುದು ಪೈಪೋಟಿ ತಾತ್ಕಾಲಿಕವಾಗಿ ಇಲ್ಲವಾದ ಕಡೆ. ದ್ವೀಪದಲ್ಲಿ ಆ ಜಾಗವನ್ನು ಸಮುದ್ರ ಕಾಯ್ದುಕೊಡುತ್ತದೆ. ಮಳೆಕಾಡಿನಲ್ಲಿ ಅದನ್ನು ಮುರಿದುಬಿದ್ದ ಮರ ಒದಗಿಸುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಮರದ ಗುಣ ಈ ಕುಟುಂಬದಲ್ಲಿ ಹೊಸದೆಂದು ಯಾಕೆ ಭಾವಿಸಬೇಕು? ಅದೇ ಮೂಲ ಸ್ವರೂಪವಾಗಿದ್ದು, ಗಿಡಗಳೇ ಆಮೇಲೆ ಬಂದಿರಬಾರದೇಕೆ? ಹಾಗಿದ್ದರೆ ಘಟ್ಟದ ಮರ ಪುರಾತನ ಪೂರ್ವಜರ ಪಳೆಯುಳಿಕೆಯಾಗುತ್ತದೆ. ಈ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ರಾಬರ್ಟ್ ಜಾನ್ಸೆನ್ ಮತ್ತು ಜೆಫ್ರಿ ಪಾಮರ್ 1987ರಲ್ಲಿ ಹರಿತ್ತುಕಣದ ಡಿಎನ್ಎಯಲ್ಲಿ ತಲೆಕೆಳಗಾದ ಒಂದು ತುಂಡನ್ನು ಪತ್ತೆಮಾಡಿದರು. ಅವರು ಪರೀಕ್ಷಿಸಿದ ಆಸ್ಟರೇಸಿಗಳ ಪೈಕಿ ದಕ್ಷಿಣ ಅಮೆರಿಕದ ಬಾರ್ನಡೇಸಿಯ ಗುಂಪೊಂದನ್ನು ಬಿಟ್ಟು ಉಳಿದವೆಲ್ಲದರಲ್ಲಿ ಅದು ಇತ್ತು. ಎಂದರೆ ಬಾರ್ನಡೇಸಿಯ ಗುಂಪು ಎಲ್ಲರಿಗಿಂತ ಮೊದಲೇ ಕವಲೊಡೆದದ್ದು. ಆ ಗುಂಪಿನಲ್ಲಿ ಗಟ್ಟಿಕಾಂಡದ ಪೊದೆಗಳೂ ಡಾಸಿಫಿಲ್ಲಂನಂಥ ಮರಗಳೂ ಇವೆ. ಪಟಗೋನಿಯದಲ್ಲಿ ಸಿಕ್ಕು 2010ರಲ್ಲಿ ಪ್ರಕಟವಾದ, ಸುಮಾರು 4 ಕೋಟಿ 75 ಲಕ್ಷ ವರ್ಷ ಹಳೆಯ ಹೂತಲೆಯ ಪಳೆಯುಳಿಕೆಯೂ ಕುಟುಂಬದ ತವರು ಆ ಭಾಗದಲ್ಲೇ ಇತ್ತೆಂಬುದಕ್ಕೆ ಬಲ ಕೊಡುತ್ತದೆ. ಇದೆಲ್ಲವನ್ನೂ ಒಪ್ಪಿದ ಮೇಲೂ ವಾದ ಬೀಳುವುದಿಲ್ಲ. ಗಟ್ಟಿಕಾಂಡದ ಪೊದೆಯಾಗುವುದು ಬೇರೆ, ಮಳೆಕಾಡಿನ ಮೇಲ್ಛಾವಣಿ ಮುಟ್ಟುವ ಮರವಾಗುವುದು ಬೇರೆ. ಹಳೆಯ ಕವಲುಗಳ ಬಹುಪಾಲು ಸಸ್ಯಗಳು ಈಗಲೂ ಇರುವುದು ತೆರೆದ, ಒಣ, ಎತ್ತರದ ಸೀಮೆಗಳಲ್ಲಿ. ವರ್ನೋನಿಯೇ ಬಳಗವಾದರೋ ಆ ಬುಡದಿಂದ ಬಹಳ ದೂರ ಬಂದ, ಗಿಡಗಳೂ ಪೊದೆಗಳೂ ಒತ್ತಾಗಿ ಬೆರೆತ ಕವಲು. ಘಟ್ಟದ ಮರದ ಹತ್ತಿರದ ಪೂರ್ವಜರು ಪೊದೆಗಳಾಗಿದ್ದಿರಬಹುದು. ಕಾಂಡದ ಗಟ್ಟಿತನ ಅವರಿಂದಲೇ ಬಂದಿರಬಹುದು. ದಟ್ಟ ಕಾಡಿನ ಬದುಕು ಮಾತ್ರ ಅವರಿಂದ ಬಂದದ್ದಲ್ಲ.

ಬೀಜ ಮತ್ತು ಬೆಳಕು

ಮಳೆಕಾಡಿನಲ್ಲಿ ಒಂದು ಮರದ ಹಣೆಬರಹ ಬಹುಮಟ್ಟಿಗೆ ಬೀಜದಲ್ಲೇ ತೀರ್ಮಾನವಾಗುತ್ತದೆ. ಘಟ್ಟದ ಸಾಲುಧೂಪವನ್ನು ನೋಡಿ. ಅದರ ಬೀಜ ಕೈತುಂಬ ಬರುವಷ್ಟು ದಪ್ಪ, ಒಳಗೆಲ್ಲ ಕೊಬ್ಬು ಮತ್ತು ಪಿಷ್ಟ. ನೆಲಕ್ಕೆ ಬಿದ್ದ ಕೆಲವೇ ದಿನಗಳಲ್ಲಿ ಮೊಳೆತು, ತಾಯಿಮರದ ಕಡುನೆರಳಿನಲ್ಲೇ ಬೀಜದ ಬುತ್ತಿ ತಿಂದು ಗೇಣುದ್ದ ಬೆಳೆದು, ಮೇಲೆ ಬೆಳಕು ಬರುವವರೆಗೆ ವರ್ಷಗಟ್ಟಲೆ ಕಾಯಬಲ್ಲದು. ರಾಮಪತ್ರೆಯ ಜಾತಿಯವು ದೊಡ್ಡ ಬೀಜಕ್ಕೆ ಬಣ್ಣದ ಪತ್ರೆ ಸುತ್ತಿ ಮಂಗಟ್ಟೆ ಹಕ್ಕಿಯಂಥ ದೊಡ್ಡ ಹಕ್ಕಿಗಳಿಂದ ಸಾಗಿಸಿಕೊಳ್ಳುತ್ತವೆ. ವರ್ನೋನಿಯದ ಕಿರುಹಣ್ಣಿನಲ್ಲಿ ಇಂಥ ಬುತ್ತಿ ಇಲ್ಲ. ಗಾಳಿಯಲ್ಲಿ ತೇಲಬೇಕಾದ ಬೀಜ ಭಾರ ಹೊರುವಂತಿಲ್ಲ. ಮೊಳೆತ ದಿನದಿಂದಲೇ ಅದರ ಸಸಿ ತನ್ನ ಎಲೆಯ ದುಡಿಮೆಯಲ್ಲಿ ಬದುಕಬೇಕು. ಹಾಗೆ ಬದುಕಲು ಬಿಸಿಲು ಬೇಕು. ಆದ್ದರಿಂದ ಅದು ತಳವೂರುವುದು ಮರ ಉರುಳಿ ತೆರಪಾದ ಜಾಗದಲ್ಲಿ, ಭೂಕುಸಿತದ ಮಗ್ಗುಲಲ್ಲಿ, ಕಾಡಿನ ಅಂಚಿನಲ್ಲಿ, ಕಡಿದು ಬಿಟ್ಟಮೇಲೆ ಮತ್ತೆ ಚಿಗುರುತ್ತಿರುವ ಕಾಡಿನಲ್ಲಿ. ಆಗ್ನೇಯ ಏಷ್ಯಾದಲ್ಲಿ, ಮುಖ್ಯವಾಗಿ ಈ ಮರವನ್ನು ಮೆದಂಗ್ ಗಂಬೊಂಗ್ ಎಂದು ಕರೆಯುವ ಮಲಯದಲ್ಲಿ, ಇದು ಮರುಹುಟ್ಟಿನ ಕಾಡುಗಳ ಮರವೆಂದೇ ಪರಿಚಿತ. ಕರ್ನಾಟಕದ ಕರಾವಳಿ ಮತ್ತು ಘಟ್ಟದಲ್ಲಿ ಉಪ್ಪಳಿಗೆಯಂಥ ಮರಗಳು ಮಾಡುವ ಕೆಲಸವೇ ಇದರದ್ದೂ: ಕಾಡಿನ ಗಾಯವನ್ನು ಮೊದಲು ಮುಚ್ಚುವುದು, ಆಮೇಲೆ ನಿಧಾನದ ಮರಗಳಿಗೆ ಜಾಗ ಬಿಡುವುದು. ಸಹದೇವಿ ಉತ್ತ ಹೊಲಕ್ಕೆ ಬಂದಂತೆಯೇ ಈ ಮರ ಉರುಳಿದ ಮರದ ಜಾಗಕ್ಕೆ ಬರುತ್ತದೆ. ಕುಟುಂಬ ಬಯಲನ್ನು ಬಿಟ್ಟು ಕಾಡಿಗೆ ಬಂದಿಲ್ಲ, ಕಾಡಿನೊಳಗಿನ ಬಯಲುಗಳನ್ನು ಹುಡುಕಿಕೊಂಡಿದೆ.

ಇದಕ್ಕೆ ಅತಿ ಸ್ಪಷ್ಟ ಸಾಕ್ಷಿ ಗಲಾಪಗೋಸ್‌ನ ಸ್ಕಾಲೇಸಿಯ ಪೆಡಂಕುಲೇಟ. ಸಾಂತಾಕ್ರೂಜ್ ದ್ವೀಪದ ಮಂಜು ಕವಿದ ಎತ್ತರದಲ್ಲಿ ಇದು ಒಂದೇ ಪ್ರಭೇದದ ಕಾಡನ್ನು ಕಟ್ಟುತ್ತದೆ, 15 ಮೀಟರ್ ಮೀರಿ ಬೆಳೆಯುತ್ತದೆ. 1982-83ರ ಪ್ರಬಲ ಎಲ್‌ನಿನೊ ಮಳೆಯ ಬೆನ್ನಿಗೆ ಈ ಮರಗಳು ದೊಡ್ಡ ಪ್ರಮಾಣದಲ್ಲಿ ಒಟ್ಟೊಟ್ಟಿಗೆ ಸತ್ತವು. ಬೆಳಕು ಬಿದ್ದ ನೆಲದಲ್ಲಿ ಅಷ್ಟೇ ದಟ್ಟವಾಗಿ ಸಸಿಗಳೆದ್ದವು. ಒಂದೇ ವಯಸ್ಸಿನ ಪೀಳಿಗೆ ಒಟ್ಟಿಗೆ ಹುಟ್ಟಿ, ಬಹಳ ಬೇಗ ಬೆಳೆದು, ಕೆಲವು ದಶಕಗಳಲ್ಲಿ ಒಟ್ಟಿಗೆ ಮುಗಿಯುವುದು ಹೊಲದ ಕಳೆಯ ಬದುಕಿನ ಲಯ. ಹೊರಗಿನಿಂದ ಅದು ಕಾಡು. ಒಳಗಿನ ಲೆಕ್ಕ ಮಾತ್ರ ವಾರ್ಷಿಕ ಗಿಡದ್ದೇ, ದಿನಗಳ ಬದಲು ವರ್ಷಗಳಲ್ಲಿ ಬರೆದದ್ದು.

ಆಕ್ಷೇಪಗಳು

ಮೊದಲನೆಯ ಆಕ್ಷೇಪ: ಗಾಳಿಯಲ್ಲಿ ಬೀಜ ಹಾರಿಸುವ ಬೇರೆ ಸಸ್ಯಗಳು ಮಳೆಕಾಡಿನಲ್ಲಿ ಧಾರಾಳವಾಗಿವೆ. ಡಿಪ್ಟೆರೊಕಾರ್ಪಸ್, ಹೋಪಿಯಗಳ ಕಾಯಿಗೆ ರೆಕ್ಕೆಗಳಿವೆ, ಆರ್ಕಿಡ್‌ಗಳ ಬೀಜ ಧೂಳಿನಷ್ಟು ಸಣ್ಣದು. ಆದರೂ ಅವು ಅಲ್ಲಿ ಗೆದ್ದಿವೆ. ಗಾಳಿಬೀಜವೇ ಅಡ್ಡಿಯೆಂದರೆ ಅವಕ್ಕೆ ಯಾಕೆ ಅಡ್ಡಿಯಾಗಲಿಲ್ಲ? ಉತ್ತರ ಗಾಳಿಯಲ್ಲಿಲ್ಲ, ಬೀಜ ಹೊತ್ತೊಯ್ಯುವ ಬುತ್ತಿಯಲ್ಲಿದೆ. ಡಿಪ್ಟೆರೊಕಾರ್ಪಸ್‌ನ ರೆಕ್ಕೆ ಹೊರುವುದು ದಪ್ಪ ಬೀಜವನ್ನು. ಅದು ದೂರ ಹೋಗುವುದಿಲ್ಲ, ಗಿರಗಿರನೆ ತಿರುಗುತ್ತ ಹತ್ತಿರದಲ್ಲೇ ಇಳಿಯುತ್ತದೆ, ಆದರೆ ನೆರಳಿನಲ್ಲಿ ಸಸಿಯನ್ನು ಸಾಕಲು ಸಾಕಾಗುವಷ್ಟು ಆಹಾರ ಒಳಗಿರುತ್ತದೆ. ಆರ್ಕಿಡ್ ಬೀಜಕ್ಕೆ ಬುತ್ತಿಯೇ ಇಲ್ಲ, ಮೊಳೆಯುವಾಗ ಶಿಲೀಂಧ್ರವೊಂದು ಅದನ್ನು ಪೋಷಿಸುತ್ತದೆ; ಮೇಲಾಗಿ ಬಹುಪಾಲು ಆರ್ಕಿಡ್‌ಗಳು ನೆಲದ ನೆರಳನ್ನು ಬಿಟ್ಟು ಕೊಂಬೆಯ ಮೇಲೇ ಬದುಕುತ್ತವೆ. ಆಸ್ಟರೇಸಿಯ ಹೂತಲೆ ಈ ಎರಡೂ ದಾರಿಗಳನ್ನು ಬಿಟ್ಟು ಮೂರನೆಯದನ್ನು ಹಿಡಿದಿದೆ. ಒಂದು ಕಿರುಹೂವಿಗೆ ಒಂದೇ ಬೀಜ. ಒತ್ತಾಗಿ ಕೂತ ಆ ಕಿರುಹೂಗಳ ನಡುವೆ ಬೀಜ ಉಬ್ಬಲು ಜಾಗವಿಲ್ಲ. ಕುಟುಂಬದ ಯಶಸ್ಸಿಗೆ ಕಾರಣವಾದ ರಚನೆಯೇ ಬೀಜದ ಗಾತ್ರಕ್ಕೆ ಮಿತಿ ಹಾಕಿದೆ. ಕುಸುಬೆ, ಸೂರ್ಯಕಾಂತಿಗಳಲ್ಲಿ ಬೀಜ ಸ್ವಲ್ಪ ದೊಡ್ಡದಾಗಿದೆ ನಿಜ. ಅಲ್ಲಿ ಹಾರುವ ಕುಚ್ಚು ಕಳಚಿಹೋಗಿದೆ ಇಲ್ಲವೆ ಕೆಲಸಕ್ಕೆ ಬಾರದಾಗಿದೆ, ಮನುಷ್ಯನ ಆಯ್ಕೆಯೂ ಸೇರಿದೆ. ಅಷ್ಟಾದರೂ ಅವು ಸಾಲುಧೂಪದ ಬೀಜದ ಹತ್ತಿರಕ್ಕೂ ಬರಲಾರವು.

ಎರಡನೆಯ ಆಕ್ಷೇಪ: ಈ ಮರ ಕೆಡದ, ಹಳೆಯ ಕಾಡಿನೊಳಗೂ ಸಿಗುತ್ತದೆ, ಅದೂ 25-30 ಮೀಟರ್ ಎತ್ತರದ್ದು. ಹಾಗಿರುವಾಗ ಅದನ್ನು ತೆರಪಿನ ಮರವೆನ್ನುವುದು ಹೇಗೆ? ಇಲ್ಲಿ ಹಳೆಯ ಕಾಡೆಂದರೆ ಬದಲಾಗದ ಕಾಡು ಎಂಬ ನಂಬಿಕೆ ಅಡಗಿದೆ. ನಿತ್ಯಹರಿದ್ವರ್ಣ ಕಾಡಿನಲ್ಲಿ ಮುಂಗಾರಿನ ಗಾಳಿಮಳೆಗೆ ಪ್ರತಿವರ್ಷ ಅಲ್ಲಲ್ಲಿ ಮರಗಳು ಬುಡಸಮೇತ ಮಗುಚುತ್ತವೆ, ಬೀಳುವಾಗ ಬಳ್ಳಿಗಳು ಅಕ್ಕಪಕ್ಕದವನ್ನೂ ಎಳೆದುಕೊಂಡು ಬರುತ್ತವೆ. ತೆರಪು ಹುಟ್ಟುವುದು, ಮುಚ್ಚುವುದು ಹಳೆಯ ಕಾಡಿನ ನಿತ್ಯದ ವ್ಯವಹಾರ. ಮುಚ್ಚಿದ ಕಾಡಿನ ನಡುವೆ ಇಂದು ಕಾಣುವ ಎತ್ತರದ ವರ್ನೋನಿಯ, ಅದೇ ಜಾಗದಲ್ಲಿ ಹಿಂದೊಮ್ಮೆ ಆಕಾಶ ತೆರೆದಿತ್ತು ಎಂಬುದರ ದಾಖಲೆ. ನೋಡಬೇಕಾದದ್ದು ದೊಡ್ಡ ಮರವನ್ನಲ್ಲ, ಅದರ ಬುಡದ ನೆರಳಿನಲ್ಲಿ ಅದರದ್ದೇ ಮರಿಗಳಿವೆಯೇ ಎಂಬುದನ್ನು. ನೆರಳು ಸಹಿಸುವ ಸಾಲುಧೂಪದ ಕೆಳಗೆ ಮರಿಗಳು ಕಿಕ್ಕಿರಿದಿರುತ್ತವೆ. ಕಡುನೆರಳಿನಲ್ಲಿ ಎಲ್ಲ ವಯಸ್ಸಿನ ವರ್ನೋನಿಯ ಸಸಿಗಳು ಸಾಲುಸಾಲಾಗಿ ಸಿಕ್ಕರೆ ಇಲ್ಲಿ ಮಂಡಿಸಿದ ವಾದ ಬಿದ್ದಂತೆಯೇ. ಈ ಪರೀಕ್ಷೆಯನ್ನು ಯಾವ ಕಾಡಿನಲ್ಲಾದರೂ ಮಾಡಿ ನೋಡಬಹುದು.

ಮೂರನೆಯದು ಮರದ ಗಟ್ಟಿತನದ ಪ್ರಶ್ನೆ. ಬೇಗ ಬೆಳೆಯುವ ಮುಂಚೂಣಿ ಮರಗಳ ನಾಟಾ ಹಗುರ, ಮೆತ್ತಗೆ, ವರ್ನೋನಿಯದ್ದೂ ಹಾಗೆಯೇ. ಆದರೆ ಪೂರ್ವ ಆಫ್ರಿಕಾದ ಮುಹುಹು ಎಂಬ ಬ್ರಾಕಿಲೇನ ಹುಯ್ಲೆನ್ಸಿಸ್ ಇದೇ ಕುಟುಂಬದ್ದಾದರೂ ಅದರ ನಾಟಾ ಕಲ್ಲಿನಷ್ಟು ಗಟ್ಟಿ. ಕೀನ್ಯಾದಲ್ಲಿ ನೆಲಹಾಸಿಗೂ ಕೆತ್ತನೆಗೂ ಕಡಿದು ಕಡಿದು ಅದು ಅಪರೂಪವಾಗಿದೆ. ಬ್ರೆಜಿಲಿನ ಕಾಂಡೇಯ ಮರದ ಕಂಬಗಳು ನೆಲದಲ್ಲಿ ಹೂತರೂ ಬೇಗ ಕೊಳೆಯುವುದಿಲ್ಲ. ಸುಗಂಧ ಮತ್ತು ಸೌಂದರ್ಯ ಸಾಧನಗಳಿಗೆ ಬಳಸುವ ಬಿಸಬೊಲಾಲ್ ಎಂಬ ಎಣ್ಣೆಯಂಶವೂ ಅದರಿಂದ ಬರುತ್ತದೆ. ಈ ಕುಟುಂಬಕ್ಕೆ ಗಟ್ಟಿ ಮರ ಕಟ್ಟಲು ಬರುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ಇವೆರಡು ಅದನ್ನು ಸುಳ್ಳು ಮಾಡುತ್ತವೆ. ಇಲ್ಲಿನ ವಾದ ಅದಲ್ಲ. ಮುಹುಹು ಬೆಳೆಯುವುದು ಮಳೆಕಾಡಿನಲ್ಲಲ್ಲ, ಒಣ ಕಾಡುಗಳಲ್ಲಿ. ಕಾಂಡೇಯ ಬೆಳೆಯುವುದು ಬಂಡೆನೆಲದ ತೆರೆದ ಬೆಟ್ಟಗಳಲ್ಲಿ. ಬೆಳಕಿಗೆ ಬರವಿಲ್ಲದ ಕಡೆ ಈ ಕುಟುಂಬದ ಮರಗಳು ನಿಧಾನವಾಗಿ, ಗಟ್ಟಿಯಾಗಿ ಬೆಳೆಯುತ್ತವೆ. ಬೆಳಕಿಗೆ ಬರವಿರುವ ಕಡೆ ಅವಸರದಲ್ಲಿ, ಹಗುರವಾಗಿ ಬೆಳೆಯುತ್ತವೆ. ಅವುಗಳ ಕೈಗೆಟುಕದೆ ಉಳಿದದ್ದು ಒಂದೇ ಪಾತ್ರ: ಕಡುನೆರಳಿನಲ್ಲಿ ಹುಟ್ಟಿ, ತಾಳ್ಮೆಯಿಂದ ಕಾದು ಮೇಲೇರುವುದು.

ಉಪಯೋಗ ಮತ್ತು ಸಂರಕ್ಷಣೆ

ವ್ಯಾಪಾರದ ದೃಷ್ಟಿಯಲ್ಲಿ ವರ್ನೋನಿಯ ಆರ್ಬೋರಿಯಕ್ಕೆ ಹೇಳಿಕೊಳ್ಳುವ ಬೆಲೆ ಇಲ್ಲ. ನಾಟಾ ಬಾಳಿಕೆ ಬರುವುದಿಲ್ಲ. ಹಗುರ ಕೆಲಸಗಳಿಗೆ, ಸೌದೆಗೆ ಆಗುತ್ತದೆ. ಈ ಅಗ್ಗತನವೇ ಅದನ್ನು ಕೊಡಲಿಯಿಂದ ಬಹುಪಾಲು ಕಾಪಾಡಿದೆ. ವ್ಯಾಪ್ತಿ ದೊಡ್ಡದಾದ್ದರಿಂದ ಪ್ರಭೇದಕ್ಕೆ ಅಳಿವಿನ ಭಯ ಸದ್ಯಕ್ಕಿಲ್ಲ. ಆದರೆ ಅದು ನೆಚ್ಚಿಕೊಂಡಿರುವ ತೆರಪುಗಳಿಗೆ ಈಗ ಬೇರೆ ಹಕ್ಕುದಾರರು ಬಂದಿದ್ದಾರೆ, ಅವರೂ ಇದೇ ಕುಟುಂಬದವರು. ಕರಾವಳಿಯವರು ಕಮ್ಯುನಿಸ್ಟ್ ಗಿಡ ಎನ್ನುವ ಕ್ರೋಮೊಲೀನ ಮತ್ತು ಮೈಕೇನಿಯ ಬಳ್ಳಿ ಅಮೆರಿಕದ ಉಷ್ಣವಲಯದಿಂದ ಬಂದು ಘಟ್ಟದ ಕಾಡಂಚು, ರಸ್ತೆಬದಿ, ತೋಟದ ಬದುಗಳನ್ನು ಆವರಿಸಿವೆ. ಹಾರುವ ಸಣ್ಣ ಬೀಜ, ಬಿಸಿಲಿನ ಹಸಿವು, ಬೆಳೆಯುವ ಆತುರ ಇವುಗಳಿಗೂ ಇವೆ, ಮರ ಕಟ್ಟುವ ಖರ್ಚು ಮಾತ್ರ ಇಲ್ಲ. ಸಣ್ಣ ತೆರಪಿನಲ್ಲಿ ಮೇಲಿನ ಕೊಂಬೆಗಳು ಬೇಗ ಕೂಡಿಕೊಳ್ಳುವುದರಿಂದ ಪೊದೆ ನೆರಳಿಗೆ ಸೋಲುತ್ತದೆ, ಎತ್ತರಕ್ಕೇರಿದ ಮರ ಗೆಲ್ಲುತ್ತದೆ. ರಸ್ತೆ, ವಿದ್ಯುತ್ ಮಾರ್ಗ, ನೀರಿನ ಕೊಳವೆಗಳಿಗಾಗಿ ಉದ್ದಕ್ಕೆ ಸೀಳಿದ, ಮತ್ತೆ ಮುಚ್ಚಿಕೊಳ್ಳದ ಬಯಲಿನಲ್ಲಿ ಲೆಕ್ಕ ತಿರುಗುಮುರುಗು: ಅಲ್ಲಿ ಪೊದೆಯೇ ಕಾಯಂ ಒಡೆಯ. ಪಾರ್ಥೇನಿಯಂ ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊ ಮೂಲದ ಜೀರುಂಡೆಯನ್ನು ಬಿಟ್ಟ ಪ್ರಯತ್ನ ಬಯಲುಸೀಮೆಯ ಕಳೆಗೆ ಅಷ್ಟಿಷ್ಟು ಕಡಿವಾಣ ಹಾಕಿತು. ಕಾಡಂಚಿನ ಕಳೆಗೆ ಅದಕ್ಕಿಂತ ಸರಳವಾದ ಪರಿಹಾರ ಕಾಡನ್ನು ಉದ್ದಕ್ಕೆ ಸೀಳದಿರುವುದು.

ಹೀಗೆ ನೋಡಿದಾಗ ಮರದ ಎಣಿಕೆಗೂ ಒಂದು ಅರ್ಥ ಬರುತ್ತದೆ. ಒಂದು ಹೆಕ್ಟೇರ್ ನಿತ್ಯಹರಿದ್ವರ್ಣ ಕಾಡಿನಲ್ಲಿ ಒಂದೆರಡು ವರ್ನೋನಿಯಗಳಿದ್ದರೆ ಕಾಡು ತನ್ನ ಪಾಡಿಗೆ ಬಿದ್ದು ಏಳುತ್ತಿದೆ ಎಂದು ತಿಳಿಯಬಹುದು. ಅವು ಗುಂಪುಗುಂಪಾಗಿ, ಒಂದೇ ದಪ್ಪದ ಕಾಂಡಗಳೊಂದಿಗೆ ನಿಂತಿದ್ದರೆ ಅಲ್ಲಿ ಹಿಂದೊಮ್ಮೆ ದೊಡ್ಡ ಕಡಿತವೋ ಕುಸಿತವೋ ಆಗಿದೆ, ಕಾಡು ಇನ್ನೂ ಚೇತರಿಸಿಕೊಳ್ಳುತ್ತಿದೆ. ತೆರಪಿದ್ದೂ ಅವು ಇಲ್ಲದೆ ಕ್ರೋಮೊಲೀನವೇ ತುಂಬಿದ್ದರೆ ಚೇತರಿಕೆಯೇ ನಿಂತಿದೆ. ಅಪವಾದವೆಂದು ಪಕ್ಕಕ್ಕಿಟ್ಟ ಮರದಿಂದ ಇಂಥ ಓದು ಸಾಧ್ಯವಿರಲಿಲ್ಲ; ಕುಟುಂಬದ ಕಟ್ಟಳೆಯನ್ನು ಪಾಲಿಸುವ ಮರವೆಂದು ಒಪ್ಪಿದ್ದರಿಂದಲೇ ಅದು ಕಾಡಿನ ಸ್ಥಿತಿಯನ್ನು ಅಳೆಯುವ ಗುರುತಾಗಬಲ್ಲದು. ಘಟ್ಟದ ಕಾಡುಗಳ ಸಮೀಕ್ಷೆಯಲ್ಲಿ ಬೆಲೆಬಾಳುವ ನಾಟಾ ಮರಗಳ ಜೊತೆಗೆ ಈ ಅಗ್ಗದ ಮರವನ್ನೂ ವಯಸ್ಸುವಾರು ಎಣಿಸುವುದಕ್ಕೆ ಇಷ್ಟು ಕಾರಣ ಸಾಕು.